ಮೂವತ್ತು ವರ್ಷ ಪಕ್ಕದ ಕುರ್ಚಿಯಲ್ಲಿ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲನ್ನು ಟಿವಿಯಲ್ಲಿ ನೋಡುವವರಿಗೆ ಆಟಗಾರರಿಗಿಂತ ಮುಖ್ಯ ಕೋಚುಗಳ ಮುಖವೇ ಹೆಚ್ಚು ಪರಿಚಯ. ಆಟಗಾರರು ಬಂದು ಹೋಗುತ್ತಾರೆ, ಕೋಚ್ ಇರುತ್ತಾರೆ. ಅವರು ಕೂಗಿದ್ದಕ್ಕೆ, ಕೋಟು ಕಿತ್ತು ಬಿಸಾಡಿದ್ದಕ್ಕೆ, ರೆಫರಿ ಮೇಲೆ ಹರಿಹಾಯ್ದದ್ದಕ್ಕೆ, ಎಲ್ಲಕ್ಕೂ ಒಂದು ಕ್ಯಾಮೆರಾ ಮೀಸಲು. ಪಂದ್ಯಕ್ಕೇ ಹೋಗಿ ಕೂತರೆ ಬೇರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಟೈಮ್‌ಔಟ್ ಆದ ಕೂಡಲೇ ಆಟಗಾರರು ಬಂದು ಸ್ಟೂಲ್ ಮೇಲೆ ಕೂರುತ್ತಾರೆ, ನೀರು ಕುಡಿಯುತ್ತಾರೆ. ಮುಖ್ಯ ಕೋಚ್ ಸೀದಾ ಅವರ ಹತ್ತಿರ ಹೋಗುವುದಿಲ್ಲ. ಕೋರ್ಟಿನ ಒಳಕ್ಕೆ ನಾಲ್ಕು ಹೆಜ್ಜೆ ಬಂದು ನಿಲ್ಲುತ್ತಾರೆ. ಸಹಾಯಕ ಕೋಚುಗಳು ಸುತ್ತುಗಟ್ಟುತ್ತಾರೆ. ಹತ್ತು ಹದಿನೈದು ಸೆಕೆಂಡಿನ ಮಾತು. ಆಮೇಲೆ ಅವರು ತಿರುಗಿ ಹೋಗಿ ಹುಡುಗರ ಎದುರು ಮಂಡಿಯೂರಿ ಏನೋ ಬರೆದು ತೋರಿಸುತ್ತಾರೆ. ಟಿವಿಯವರು ತೋರಿಸುವುದು ಅಲ್ಲಿಂದ ಮುಂದಿನದನ್ನು. ಆ ಹತ್ತು ಸೆಕೆಂಡಿನಲ್ಲಿ ಯಾರು ಏನು ಹೇಳಿದರು ಅನ್ನುವುದು ಯಾವ ಅಂಕಿಅಂಶದ ಪುಟದಲ್ಲೂ ಬರುವುದಿಲ್ಲ.

ನಾನಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಕನ್ನಡಿಗರು ಇಲ್ಲಿ ಬೇಕಾದಷ್ಟು ಮಂದಿ. ಅತ್ತ ಡರಮ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯ, ಇತ್ತ ರಾಲಿಯಲ್ಲಿ ಎನ್‌ಸಿ ಸ್ಟೇಟ್, ಸ್ವಲ್ಪ ದೂರಕ್ಕೆ ಚಾಪೆಲ್ ಹಿಲ್‌ನಲ್ಲಿ ಯುಎನ್‌ಸಿ, ಅಂದರೆ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ. ನವೆಂಬರಿನಿಂದ ಮಾರ್ಚ್‌ವರೆಗೆ ಆಫೀಸಿನಲ್ಲಿ ಬೇರೆ ಮಾತೇ ಇರುವುದಿಲ್ಲ, ನೀವು ಯಾವುದಾದರೂ ಒಂದು ಪಕ್ಷಕ್ಕೆ ಸೇರಲೇಬೇಕು. ನಾನು ತಿಳಿನೀಲಿ ಬಣ್ಣದ ಟಾರ್ ಹೀಲ್ಸ್, ಅಂದರೆ ಯುಎನ್‌ಸಿ ತಂಡದ, ಕಡೆಯವನಾದೆ. ಹಾಗಾದವರಿಗೆ, ಆ ತಂಡದ ಮುಖ್ಯ ಕೋಚ್ ಆಗಿದ್ದ ಡೀನ್ ಸ್ಮಿತ್ ಹೆಸರು ಗೊತ್ತಿರಲೇಬೇಕು. ಕ್ರೀಡಾಂಗಣಕ್ಕೇ ಅವರ ಹೆಸರಿದೆ. ಆದರೆ ನನ್ನನ್ನು ಹಿಡಿದಿಟ್ಟುಕೊಂಡವರು ಅವರ ಪಕ್ಕದಲ್ಲಿ ಮೂವತ್ತು ವರ್ಷ ಸಹಾಯಕರಾಗಿ ಕೂತಿದ್ದ ಬಿಲ್ ಗತ್ರಿಜ್.

ಗತ್ರಿಜ್ ವಿಷಯಕ್ಕೆ ಬರುವ ಮುಂಚೆ ಈ ಕೆಲಸ ಎಂಥದ್ದು ಅಂತ ಸ್ವಲ್ಪ ಹೇಳಬೇಕು. ನಮ್ಮ ಊರಿನ ಕಾಲೇಜುಗಳಲ್ಲಿ ಇರುವುದು ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ಪಿ.ಡಿ. ಸರ್. ಕಬಡ್ಡಿಗೂ ಅವರೇ, ವಾಲಿಬಾಲಿಗೂ ಅವರೇ, ಅಂತರಕಾಲೇಜು ಕ್ರೀಡಾಕೂಟದ ಬಸ್ಸು ಗೊತ್ತುಮಾಡುವುದಕ್ಕೂ, ಟಿ.ಎ. ಬಿಲ್ಲಿಗೆ ಸಹಿ ಹಾಕಿಸುವುದಕ್ಕೂ ಅವರೇ. ಅಲ್ಲಿಂದ ಬಂದವನಿಗೆ ಒಂದೇ ಆಟದ ಒಂದೇ ತಂಡಕ್ಕೆ ಇಷ್ಟೊಂದು ಕೋಚುಗಳು ಯಾಕೆ ಅನ್ನಿಸುವುದು ಸಹಜ. ಇಲ್ಲಿ ಬಹಳ ವರ್ಷ ಮುಖ್ಯ ಕೋಚಿನ ಜೊತೆ ಮೂವರು ಸಹಾಯಕರು ಅನ್ನುವ ಲೆಕ್ಕ ಇತ್ತು. 2023ರಿಂದ ಇನ್ನಿಬ್ಬರನ್ನು ಸೇರಿಸಿಕೊಳ್ಳಬಹುದು; ನಿಯಮ ಬಂದಾಗ ಆ ಇಬ್ಬರು ಕಲಿಸಬಹುದಿತ್ತು, ಆದರೆ ಊರೂರು ತಿರುಗಿ ಹುಡುಗರನ್ನು ಆರಿಸುವಂತಿರಲಿಲ್ಲ.

ಸಹಾಯಕರು ಎದುರಾಳಿಗಳನ್ನು ಹಂಚಿಕೊಳ್ಳುತ್ತಾರೆ. ಈ ಶನಿವಾರದ ತಂಡ ನಿನಗೆ, ಬುಧವಾರದ್ದು ನನಗೆ. ಪಂದ್ಯ ಯಾರ ಪಾಲಿಗೆ ಬಂತೋ ಅವರು ಆ ತಂಡದ ಹಿಂದಿನ ಪಂದ್ಯಗಳ ವಿಡಿಯೊ ಕೂತು ನೋಡಿ ‘ಸ್ಕೌಟ್’ ತಯಾರು ಮಾಡಬೇಕು. ಅವರ ಪಾಯಿಂಟ್ ಗಾರ್ಡ್ ಎಡಗಡೆಗೆ ಹೋದರೆ ಶಾಟ್ ಹೊಡೆಯುತ್ತಾನೋ ಪಾಸ್ ಕೊಡುತ್ತಾನೋ, ಸೆಂಟರ್ ಬಲ ಭುಜದ ಮೇಲೆ ತಿರುಗುತ್ತಾನೋ ಎಡಕ್ಕೋ, ಸೈಡ್‌ಲೈನಿನಿಂದ ಚೆಂಡು ಒಳಗೆ ಹಾಕುವಾಗ ಯಾವ ಆಟಕ್ಕೆ ಯಾವ ಕೈಸನ್ನೆ. ಎರಡು ದಿನ ಮುಂಚೆ ಬೆಂಚಿನ ಕೊನೆಯ ಹುಡುಗರಿಗೆ ಎದುರಾಳಿಯ ಆಟಗಳನ್ನೇ ಕಲಿಸಿ ತಮ್ಮ ಮುಖ್ಯ ತಂಡದ ಎದುರು ಆಡಿಸಬೇಕು. ಪಂದ್ಯದ ದಿನ ನೋಡಿ: ಎದುರಾಳಿ ಗಾರ್ಡ್ ಮುಷ್ಟಿ ಎತ್ತಿದ ತಕ್ಷಣ ಬೆಂಚಿನಿಂದ ಒಬ್ಬ ಸಹಾಯಕ ಎದ್ದು ಆ ಆಟದ ಹೆಸರು ಕೂಗುತ್ತಾನೆ, ಅಂಗಳದಲ್ಲಿರುವ ಐವರೂ ಅದನ್ನು ಕೇಳಿಸಿಕೊಂಡು ಜಾಗ ಬದಲಾಯಿಸುತ್ತಾರೆ. ಚೆಂಡು ಬರುವ ಮೊದಲೇ ಅಲ್ಲಿ ಒಬ್ಬ ನಿಂತಿರುತ್ತಾನೆ. ಟಿವಿ ವಿವರಣೆಕಾರ “ಎಂಥ ಚುರುಕು ರಕ್ಷಣೆ!” ಅನ್ನುತ್ತಾನೆ. ಗೆದ್ದರೆ ಅಲ್ಲಿಗೆ ಮುಗಿಯಿತು. ಸೋತರೆ ಮಾತ್ರ, ಈ ಸ್ಕೌಟ್ ಯಾರದ್ದು ಅಂತ ಒಳಗೆ ವಿಚಾರಣೆ.

ಇದು ಚಳಿಗಾಲದ ಕಥೆ. ಬೇಸಿಗೆಯದು ಇನ್ನೂ ವಿಚಿತ್ರ. ಜುಲೈಯಲ್ಲಿ ಹೈಸ್ಕೂಲ್ ಹುಡುಗರ ಟೂರ್ನಿಗಳು. ಸೌತ್ ಕ್ಯಾರೊಲೈನಾದ ನಾರ್ತ್ ಆಗಸ್ಟಾದಲ್ಲಿ ನಡೆಯುವ ಪೀಚ್ ಜ್ಯಾಮ್ ಅವುಗಳಲ್ಲಿ ದೊಡ್ಡ ಜಾತ್ರೆ. ದೇಶದ ಕೋಚುಗಳೆಲ್ಲ ಅಲ್ಲಿ, ಬೇಸ್‌ಲೈನಿನ ಹಿಂದೆ, ತಮ್ಮ ಕಾಲೇಜಿನ ಲಾಂಛನ ಎದೆ ಮೇಲೆ ಎದ್ದು ಕಾಣುವ ಟೀ ಶರ್ಟ್ ಹಾಕಿಕೊಂಡು ಕೂತಿರುತ್ತಾರೆ. ಹುಡುಗನನ್ನು ನೋಡಬಹುದು, ಆ ದಿನಗಳಲ್ಲಿ ಅಲ್ಲಿ ಅವನ ಹತ್ತಿರ ನಿಂತು ಮಾತಾಡುವಂತಿಲ್ಲ. ಹಾಗಾಗಿ ‘ನಾನು ಬಂದಿದ್ದೇನೆ’ ಅಂತ ಅವನಿಗೆ ಕಾಣುವ ಹಾಗೆ ಕೂರುವುದೇ ಕೆಲಸ. ಬೆಳಗಿನಿಂದ ರಾತ್ರಿವರೆಗೆ, ಒಂದು ಕೋರ್ಟಿನಿಂದ ಇನ್ನೊಂದಕ್ಕೆ. ದೊಡ್ಡ ತಂಡದ ಮುಖ್ಯ ಕೋಚ್ ಬಂದರೆ ಇಷ್ಟಪಟ್ಟ ಒಬ್ಬಿಬ್ಬರ ಆಟ ನೋಡಿ ಹೊರಡುತ್ತಾರೆ. ಉಳಿದದ್ದು ಸಹಾಯಕರ ಪಾಲು.

ಮೈಕಲ್ ಜೋರ್ಡನ್ ಕಥೆಯೂ ಶುರುವಾಗುವುದು ಹೀಗೆಯೇ. ವಿಲ್ಮಿಂಗ್ಟನ್ನಿನ ಲೇನಿ ಹೈಸ್ಕೂಲಿನಲ್ಲಿ ಒಬ್ಬ ಹುಡುಗ ಇದ್ದಾನೆ ಅಂತ ಸುದ್ದಿ ಬಂದಾಗ, 1980ರಲ್ಲಿ, ಯುಎನ್‌ಸಿ ಕಡೆಯಿಂದ ಹೋಗಿ ನೋಡಿಬಂದವರು ಗತ್ರಿಜ್. ಆ ಬೇಸಿಗೆಯ ಶಿಬಿರದಲ್ಲಿ ಅವನನ್ನು ನೋಡಿಕೊಂಡ ಕಿರಿಯ ಕೋಚ್ ರಾಯ್ ವಿಲಿಯಮ್ಸ್. ಎರಡು ವರ್ಷದ ನಂತರ ಜಾರ್ಜ್‌ಟೌನ್ ವಿರುದ್ಧದ ಫೈನಲ್‌ನಲ್ಲಿ ಜೋರ್ಡನ್ ಹೊಡೆದ ಶಾಟ್ ಇಡೀ ಜಗತ್ತಿಗೆ ಗೊತ್ತು. ಡೀನ್ ಸ್ಮಿತ್‌ಗೆ ಅದು ಮೊದಲ ರಾಷ್ಟ್ರೀಯ ಪ್ರಶಸ್ತಿ.

ಗತ್ರಿಜ್ ಹುಟ್ಟಿದ್ದು 1937ರಲ್ಲಿ, ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನಲ್ಲಿ. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡಿದ್ದು ಟೆಕ್ಸ್ ವಿಂಟರ್ ಅವರ ಕೈಕೆಳಗೆ. 1958ರಲ್ಲಿ ಆ ತಂಡ ಫೈನಲ್ ಫೋರ್‌ಗೆ, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತಕ್ಕೆ, ಹೋಗಿತ್ತು. 1962ರಿಂದ ಐದು ವರ್ಷ ವಿಂಟರ್ ಅವರಿಗೇ ಸಹಾಯಕ. 1967ರಲ್ಲಿ ಚಾಪೆಲ್ ಹಿಲ್‌ಗೆ. ಇಲ್ಲಿ ನನಗೆ ಒಂದು ತಮಾಷೆ ಕಾಣುತ್ತದೆ. ಗುರು ವಿಂಟರ್ ಮೊದಲು ಮುಖ್ಯ ಕೋಚ್ ಆಗಿದ್ದು, ಅರವತ್ತು ದಾಟಿದ ಮೇಲೆ ವೃತ್ತಿಪರ ತಂಡ ಷಿಕಾಗೊ ಬುಲ್ಸ್‌ನಲ್ಲಿ ಸಹಾಯಕರಾಗಿ ತಮ್ಮ ‘ಟ್ರಯಾಂಗಲ್’ ಎಂಬ ದಾಳಿಯ ತಂತ್ರವನ್ನು ಬೇರೆಯವರ ಹೆಸರಿನಡಿ ಆಡಿಸಿದರು, ಅದಕ್ಕಾಗಿಯೇ ಹಾಲ್ ಆಫ್ ಫೇಮ್ ಸೇರಿದರು. ಶಿಷ್ಯ ಕಾಲೇಜು ಮಟ್ಟದಲ್ಲಿ ಮೊದಲಿನಿಂದಲೂ ಸಹಾಯಕ, ಅರವತ್ತು ತುಂಬಿದ ಮೇಲೆ ಮುಖ್ಯ ಕೋಚ್. ಒಬ್ಬರು ಇಳಿದು ಬಂದ ದಾರಿಯಲ್ಲಿ ಇನ್ನೊಬ್ಬರು ಹತ್ತಿದರು. ಜೋರ್ಡನ್ ಎಂಬ ಹುಡುಗ ಇಬ್ಬರ ಕೈಯಲ್ಲೂ ಪಳಗಿದ.

ಚಾಪೆಲ್ ಹಿಲ್‌ನಲ್ಲಿ ಗತ್ರಿಜ್ ಎತ್ತರದ ಆಟಗಾರರನ್ನು ನೋಡಿಕೊಂಡರು, ಶಾಟ್ ತಿದ್ದಿದರು, ಪ್ರಯಾಣದ ವ್ಯವಸ್ಥೆ ನೋಡಿದರು, ಶಿಸ್ತು ಕಾಯ್ದರು. ಸ್ಮಿತ್ ತರಬೇತಿ ಅಂದರೆ ನಿಮಿಷ ನಿಮಿಷಕ್ಕೆ ಬರೆದ ಪಟ್ಟಿ. ಒಂದು ಡ್ರಿಲ್ ಆರು ನಿಮಿಷ ಅಂದರೆ ಆರೇ ನಿಮಿಷ. ಅಂಥ ಕಾರ್ಖಾನೆ ನಡೆಯಲು ಪಟ್ಟಿ ಬರೆಯುವವರು ಒಬ್ಬರಿದ್ದರೆ ಸಾಲದು, ಅದನ್ನು ನಂಬುವ ಎರಡನೆಯವರು ಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಅಮೆರಿಕ ತಂಡದ ಕೋಚ್ ಆಗಿ ಸ್ಮಿತ್ ಹೋದಾಗಲೂ ಜೊತೆಗೆ ಒಯ್ದದ್ದು ಜಾನ್ ಥಾಂಪ್ಸನ್ ಮತ್ತು ಗತ್ರಿಜ್ ಅವರನ್ನು. ಚಿನ್ನದೊಂದಿಗೆ ಮರಳಿದರು.

ಇಷ್ಟು ವರ್ಷ ಯಾರೂ ಕರೆಯಲೇ ಇಲ್ಲವೇ ಅಂತ ಕೇಳಿದರೆ, ಕರೆದರು. 1978ರಲ್ಲಿ ಪೆನ್ ಸ್ಟೇಟ್‌ನ ಮುಖ್ಯ ಕೋಚ್ ಹುದ್ದೆಯನ್ನು ಒಪ್ಪಿಕೊಂಡೂ ಆಗಿತ್ತು. ಆಮೇಲೆ ಮನಸ್ಸು ಬದಲಾಯಿಸಿ ಚಾಪೆಲ್ ಹಿಲ್‌ನಲ್ಲೇ ಉಳಿದರು. ಬೆಂಗಳೂರಿನಲ್ಲಿ ಕಂಪನಿಯಿಂದ ಕಂಪನಿಗೆ ಹಾರಿ ಹಾರಿ ಇಲ್ಲಿಗೆ ಬಂದು ಬಿದ್ದ ನನ್ನಂಥವನಿಗೆ ಇದು ಅರ್ಥ ಆಗಲು ಸಮಯ ಹಿಡಿಯಿತು. ‘ಬೆಳವಣಿಗೆ’ ಅಂತ ನಾವು ಕರೆಯುವುದು ಮುಂದಿನ ಪದವಿಯನ್ನು. ಈಗಿರುವ ಕೆಲಸವನ್ನೇ ಹತ್ತನೇ ವರ್ಷ ಇನ್ನೂ ಚೆನ್ನಾಗಿ ಮಾಡುವುದಕ್ಕೆ ಅಪ್ರೈಸಲ್ ಫಾರ್ಮಿನಲ್ಲಿ ಕಾಲಮ್ ಇಲ್ಲ.

ನಮ್ಮವರ ಉದಾಹರಣೆ ಬೇಕಾದರೆ ಕುಮಟಾದ ರಘು ಇದ್ದಾರೆ. ಭಾರತ ಕ್ರಿಕೆಟ್ ತಂಡದ ಜೊತೆ ವರ್ಷಗಟ್ಟಲೆ ದೇಶ ದೇಶ ತಿರುಗುತ್ತ, ಬ್ಯಾಟರುಗಳಿಗೆ ನೆಟ್ಸ್‌ನಲ್ಲಿ ಥ್ರೋಡೌನ್ ಎಸೆಯುವವರು. ವೇಗದ ಬೌಲಿಂಗನ್ನು ತಾವು ಆಡಲು ಕಲಿತದ್ದರಲ್ಲಿ ರಘು ಪಾಲು ದೊಡ್ಡದು ಅಂತ ವಿರಾಟ್ ಕೊಹ್ಲಿ ಬಾಯಿಬಿಟ್ಟು ಹೇಳಿದ ಮೇಲೆ ನಾಡಿಗೆಲ್ಲ ಅವರ ಹೆಸರು ತಿಳಿಯಿತು. ಕೊಹ್ಲಿ ಹೇಳದಿದ್ದರೆ?

ಆದರೆ ಗತ್ರಿಜ್ ಕಥೆಯನ್ನು ನಿಷ್ಠೆಯ ಪುರಾಣ ಮಾಡಲು ನನಗೆ ಇಷ್ಟವಿಲ್ಲ. ಅವರಿಗೆ ಉಳಿಯಲು ಸಾಧ್ಯವಾದದ್ದು ಸ್ಮಿತ್ ಉಳಿದದ್ದರಿಂದ. ಮುಖ್ಯ ಕೋಚಿನ ಕೆಲಸ ಹೋದರೆ ಸಹಾಯಕರ ಕೆಲಸವೂ ಹೋದ ಹಾಗೆ. ಹೊಸಬರು ತಮ್ಮವರನ್ನು ತರುತ್ತಾರೆ. 1965ರಲ್ಲಿ, ಗತ್ರಿಜ್ ಬರುವ ಮೊದಲು, ಸಾಲು ಸೋಲಿನಿಂದ ಸಿಟ್ಟಿಗೆದ್ದ ವಿದ್ಯಾರ್ಥಿಗಳು ಇದೇ ಸ್ಮಿತ್ ಅವರ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಿದ್ದರು. ಅಂದು ವಿಶ್ವವಿದ್ಯಾಲಯ ಅಂಜಿದ್ದರೆ ಈ ಬರಹಕ್ಕೆ ವಸ್ತುವೇ ಇರುತ್ತಿರಲಿಲ್ಲ. ಬಹುಪಾಲು ಸಹಾಯಕರ ಬದುಕು ಬೇರೆ ಥರ: ಮೂರು ವರ್ಷಕ್ಕೊಮ್ಮೆ ಊರು ಬದಲು, ಮಕ್ಕಳ ಶಾಲೆ ಬದಲು, ಬಾಡಿಗೆ ಮನೆ. ಪ್ರತಿ ಏಪ್ರಿಲ್‌ನಲ್ಲಿ ಫೈನಲ್ ಫೋರ್ ನಡೆಯುವ ಊರಿನಲ್ಲೇ ಕೋಚುಗಳ ಸಂಘದ ಸಮಾವೇಶವೂ ನಡೆಯುತ್ತದೆ. ಒಳಗೆ ನಾಲ್ಕು ತಂಡಗಳು ಪ್ರಶಸ್ತಿಗೆ ಹೆಣಗುತ್ತಿದ್ದರೆ, ಹೋಟೆಲ್ ಲಾಬಿಗಳಲ್ಲಿ ನೂರಾರು ಮಂದಿ ಕೈಕುಲುಕುತ್ತ, ಯಾರ ಜಾಗ ಖಾಲಿ, ಯಾರಿಗೆ ಯಾರು ಗೊತ್ತು ಅಂತ ವಿಚಾರಿಸುತ್ತ ನಿಂತಿರುತ್ತಾರೆ. ಅದು ಕೆಲಸದ ಸಂತೆ.

ರಾಯ್ ವಿಲಿಯಮ್ಸ್ ಸಹಾಯಕರಾಗಿ ಸೇರಿದ್ದು ಅದೇ 1978ರಲ್ಲಿ. ಅಲ್ಲಿಯವರೆಗೆ ಹೈಸ್ಕೂಲ್ ಕೋಚ್. ಮನೆಯಲ್ಲಿ ಹೆಂಡತಿ, ಪುಟ್ಟ ಮಗು. ಸ್ಮಿತ್ ಕೊಟ್ಟದ್ದು ಅರೆಕಾಲಿಕ ಹುದ್ದೆ, ವರ್ಷಕ್ಕೆ 2,700 ಡಾಲರ್. ತಿಂಗಳಿಗಲ್ಲ, ವರ್ಷಕ್ಕೆ. ಮನೆ ನಡೆಯಲು ಅವರು ತಂಡದ ಕ್ಯಾಲೆಂಡರುಗಳನ್ನು ಕಾರಿನಲ್ಲಿ ತುಂಬಿಕೊಂಡು ರಾಜ್ಯದ ಉದ್ದಗಲಕ್ಕೂ ಮಾರಿದರು. ಭಾನುವಾರ ಬೆಳಗ್ಗೆ ಸ್ಮಿತ್ ಅವರ ಟಿವಿ ಕಾರ್ಯಕ್ರಮದ ಟೇಪುಗಳನ್ನು ಗ್ರೀನ್ಸ್‌ಬರೊ, ಆಶ್‌ವಿಲ್‌ಗಳ ಸ್ಟೇಷನ್ನುಗಳಿಗೆ ಕಾರಿನಲ್ಲೇ ಮುಟ್ಟಿಸಿ ಬಂದರು. ಹತ್ತು ವರ್ಷದ ಮೇಲೆ, 1988ರಲ್ಲಿ, ಎಲ್ಲಿಯೂ ಕಾಲೇಜು ತಂಡದ ಮುಖ್ಯ ಕೋಚ್ ಆಗಿರದ ಅವರನ್ನು ಕ್ಯಾನ್ಸಸ್ ವಿಶ್ವವಿದ್ಯಾಲಯ ಕರೆದೊಯ್ದಿತು. ಅವರ ಕಥೆಯಲ್ಲಿ ಕ್ಯಾಲೆಂಡರ್ ಭಾಗ ಈಗ ಸಿಹಿ ನೆನಪು, ಯಾಕೆಂದರೆ ಕೊನೆಗೆ ಮೂರು ರಾಷ್ಟ್ರೀಯ ಪ್ರಶಸ್ತಿ ಬಂತು. ಕ್ಯಾಲೆಂಡರ್ ಮಾರಿ ಮಾರಿ, ಏನೂ ಆಗದೆ ವಿಮೆ ಏಜೆಂಟ್ ಆದವರ ಕಥೆಯನ್ನು ಯಾರು ಹೇಳುತ್ತಾರೆ?

ಈ ಅಗ್ಗದ ದುಡಿಮೆಯನ್ನು, ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ಒಂದು ಹಂತದಲ್ಲಿ ನಿಯಮವನ್ನಾಗಿಯೇ ಮಾಡಿಬಿಟ್ಟಿತು. 1992ರಿಂದ ‘ಸೀಮಿತ ಸಂಪಾದನೆಯ ಕೋಚ್’ ಎಂಬ ಹುದ್ದೆ. ಸಹಾಯಕರಲ್ಲಿ ಒಬ್ಬರಿಗೆ ಶಾಲಾ ವರ್ಷಕ್ಕೆ 12,000, ಬೇಸಿಗೆಗೆ 4,000 ಡಾಲರಿಗಿಂತ ಹೆಚ್ಚು ಕೊಡುವಂತಿಲ್ಲ. ಕೊಡುತ್ತೇನೆ ಅಂತ ಕಾಲೇಜು ಮುಂದೆ ಬಂದರೂ ಕೊಡುವಂತಿಲ್ಲ! ಖರ್ಚು ಉಳಿಸಬೇಕು, ಎಳೆಯರಿಗೆ ಅವಕಾಶ ಸಿಗಬೇಕು ಅನ್ನುವುದು ಕೊಟ್ಟ ಕಾರಣ. ಮುಖ್ಯ ಕೋಚುಗಳ ಸಂಬಳಕ್ಕೆ, ಶೂ ಕಂಪನಿ ಒಪ್ಪಂದಗಳಿಗೆ ಅಂಥ ಯಾವ ಮಿತಿಯೂ ಇರಲಿಲ್ಲ. ಕೆಲವು ಸಹಾಯಕರು ಕೋರ್ಟಿಗೆ ಹೋದರು. ಇದು ಸ್ಪರ್ಧಾ ಕಾನೂನಿಗೆ ವಿರುದ್ಧ, ಕಾಲೇಜುಗಳೆಲ್ಲ ಸೇರಿ ಕೂಲಿ ನಿಗದಿ ಮಾಡುವಂತಿಲ್ಲ ಅಂತ 1995ರಲ್ಲಿ ಕ್ಯಾನ್ಸಸ್‌ನ ಫೆಡರಲ್ ಕೋರ್ಟ್ ಹೇಳಿತು. 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 1999ರಲ್ಲಿ ಎನ್‌ಸಿಎಎ 5.45 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆಟಗಾರರಿಗೆ ದುಡ್ಡು ಕೊಡಬೇಕೇ ಬೇಡವೇ ಅಂತ ಆಮೇಲೆ ದಶಕಗಳ ಕಾಲ ನಡೆದ ಮೊಕದ್ದಮೆಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಎನ್‌ಸಿಎಎ ಕಟ್ಟಿದ ಗೋಡೆಗೆ ಅದಕ್ಕೂ ಮುಂಚೆ ಗುದ್ದಿದವರಲ್ಲಿ ಬೆಂಚಿನ ಈ ಮೂಲೆಯವರೂ ಇದ್ದರು ಅನ್ನುವುದನ್ನು ನೆನೆಯುವವರು ಕಡಿಮೆ.

ದುಡ್ಡು ಬಂದ ಮೇಲೆ ಬೇರೆ ಕೆಡುಕು ಬಂತು. 2017ರ ಸೆಪ್ಟೆಂಬರಿನಲ್ಲಿ ಎಫ್‌ಬಿಐ ಲಂಚದ ಪ್ರಕರಣದಲ್ಲಿ ನಾಲ್ವರು ಕಾಲೇಜು ಕೋಚುಗಳನ್ನು ಬಂಧಿಸಿತು. ಆಬರ್ನ್, ಒಕ್ಲಹೋಮ ಸ್ಟೇಟ್, ಅರಿಜೋನಾ, ಯುಎಸ್‌ಸಿ, ಒಂದೊಂದರಿಂದ ಒಬ್ಬರು. ನಾಲ್ವರೂ ಸಹಾಯಕರೇ. ಆ ಪ್ರಕರಣದಲ್ಲಿ ಕ್ರಿಮಿನಲ್ ಆರೋಪ ಹೊತ್ತ ಮುಖ್ಯ ಕೋಚ್ ಒಬ್ಬರೂ ಇಲ್ಲ. ತಪ್ಪು ಮಾಡಿದವರು ತಪ್ಪು ಒಪ್ಪಿಕೊಂಡರು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಹುಡುಗರ ಮನೆ ಬಾಗಿಲಿಗೆ, ಏಜೆಂಟರ ಹತ್ತಿರಕ್ಕೆ ಹೋಗಿಬರುವ ಕೆಲಸವನ್ನು ಯಾರಿಗೆ ವಹಿಸಲಾಗಿತ್ತೋ, ಸಿಕ್ಕಿಬಿದ್ದವರೂ ಅವರೇ.

ಸಹಾಯಕನಿಗೆ ಅದೃಷ್ಟ ಬಾಗಿಲು ತಟ್ಟುವುದೂ ಹೀಗೆಯೇ, ದಿಢೀರನೆ. 1989ರಲ್ಲಿ ಟೂರ್ನಿ ಶುರುವಾಗುವ ಹೊತ್ತಿಗೆ ಮಿಷಿಗನ್ ಕೋಚ್ ಬಿಲ್ ಫ್ರೀಡರ್ ಅರಿಜೋನಾ ಸ್ಟೇಟ್ ಕೆಲಸ ಒಪ್ಪಿಕೊಂಡರು. ಕ್ರೀಡಾ ನಿರ್ದೇಶಕ ಬೋ ಶೆಂಬೆಕ್ಲರ್, ಹಾಗಾದರೆ ಈಗಲೇ ಹೊರಡಿ ಅಂದು, ಸಹಾಯಕ ಸ್ಟೀವ್ ಫಿಶರ್ ಕೈಗೆ ತಂಡ ಕೊಟ್ಟರು. ಫಿಶರ್ ಆರಕ್ಕೆ ಆರು ಗೆದ್ದರು. ಫೈನಲ್ಲಿನಲ್ಲಿ ಸೀಟನ್ ಹಾಲ್ ವಿರುದ್ಧ ಓವರ್‌ಟೈಮ್‌ನಲ್ಲಿ 80-79. ಮುಖ್ಯ ಕೋಚ್ ಆಗಿ ಒಂದು ಪೂರ್ಣ ಸೀಸನ್ ಕೂಡ ಕಳೆಯದೆ ರಾಷ್ಟ್ರೀಯ ಚಾಂಪಿಯನ್.

ಗತ್ರಿಜ್ ಸರದಿ ಬಂದದ್ದು 1997ರ ಅಕ್ಟೋಬರ್ 9ರಂದು. 879 ಗೆಲುವುಗಳೊಂದಿಗೆ, ಆಗಿನ ದಾಖಲೆಯೊಂದಿಗೆ, ಸ್ಮಿತ್ ನಿವೃತ್ತಿ ಘೋಷಿಸಿದರು. ಅಭ್ಯಾಸ ಶುರುವಾಗಲು ಹೆಚ್ಚು ದಿನ ಉಳಿದಿರಲಿಲ್ಲ. ಹೊರಗಿನಿಂದ ಯಾರನ್ನೂ ಹುಡುಕಿ ತರಲು ಸಮಯವಿಲ್ಲ. ಅದು ಬೇಕೆಂದೇ ಆರಿಸಿದ ಹೊತ್ತು, ಗತ್ರಿಜ್‌ಗೇ ಕುರ್ಚಿ ಸಿಗಲಿ ಎಂದು, ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ನಂಬುತ್ತೇನೆ.

ಅರವತ್ತರ ಹೊಸ ಕೋಚ್. ಕೈಯಲ್ಲಿ ಆಂಟ್ವಾನ್ ಜೇಮಿಸನ್, ವಿನ್ಸ್ ಕಾರ್ಟರ್. ಮೊದಲ ಐವರಲ್ಲಿ ಆಡಲು ಯೋಗ್ಯರು ಆರು ಮಂದಿ. ಯಾರನ್ನು ಕೂರಿಸುವುದು? ಗತ್ರಿಜ್ ಯಾರನ್ನೂ ಕಾಯಂ ಆಗಿ ಕೂರಿಸಲಿಲ್ಲ. ಆರೂ ಮಂದಿ ನಮ್ಮ ಸ್ಟಾರ್ಟರ್‌ಗಳೇ ಅಂದು, ಸರದಿಯ ಮೇಲೆ ಪಂದ್ಯಕ್ಕೊಬ್ಬರಂತೆ ಬೆಂಚಿನಿಂದ ಶುರುಮಾಡಿಸಿದರು. ಇದನ್ನು ಅಳ್ಳೆದೆ ಅಂದವರಿದ್ದಾರೆ; ನಾಯಕನಾದವನು ಕಠಿಣ ನಿರ್ಧಾರ ತೆಗೆದುಕೊಳ್ಳಬೇಕಂತೆ. ನನಗೆ ಇದು ಮೂವತ್ತು ವರ್ಷ ಬೆಂಚಿನ ಮೇಲೆ ಕೂತವರಿಗೆ ಮಾತ್ರ ಹೊಳೆಯುವ ಉಪಾಯ ಅನ್ನಿಸುತ್ತದೆ. ಕೂತಿರುವ ಹುಡುಗನ ಮನಸ್ಸಿನಲ್ಲಿ ಏನು ಓಡುತ್ತಿರುತ್ತದೆ ಅಂತ ಅವರು ಪಕ್ಕದಿಂದಲೇ ನೋಡಿದ್ದರು. ಆ ವರ್ಷ 34 ಗೆಲುವು, 4 ಸೋಲು. ಸ್ಯಾನ್ ಆಂಟೋನಿಯೊದ ಸೆಮಿಫೈನಲ್‌ನಲ್ಲಿ ಯೂಟಾ ಎದುರು ಸೋತರು. ವರ್ಷದ ಕೋಚ್ ಎಂಬ ರಾಷ್ಟ್ರೀಯ ಗೌರವ ಬಂತು.

ಮುಂದಿನ ವರ್ಷ ಮೊದಲ ಸುತ್ತಿನಲ್ಲೇ ವೀಬರ್ ಸ್ಟೇಟ್ ಎಂಬ ಸಣ್ಣ ತಂಡದ ಕೈಲಿ 76-74ರ ಸೋಲು. ಮೂರನೇ ವರ್ಷ ಇನ್ನೂ ಕಷ್ಟ. ರೇಡಿಯೊಗೆ ಫೋನ್ ಮಾಡಿದವರೆಲ್ಲ, ಇವರು ಒಳ್ಳೆಯ ಸಹಾಯಕರು ಅಷ್ಟೇ, ಅಂದರು. ಆ ಮಾತನ್ನು ಬೈಗುಳವಾಗಿ ಬಳಸಿದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಎಂಟನೇ ಶ್ರೇಯಾಂಕದ ತಂಡವಾಗಿ ಟೂರ್ನಿಗೆ ಹೋಗಿ, ಅಗ್ರ ಶ್ರೇಯಾಂಕದ ಸ್ಟ್ಯಾನ್‌ಫರ್ಡನ್ನು ಹೊಡೆದು, ಟೆನೆಸಿ, ಟಲ್ಸಾಗಳನ್ನು ದಾಟಿ ಮತ್ತೆ ಫೈನಲ್ ಫೋರ್. ಅಲ್ಲಿ ಫ್ಲಾರಿಡಾ ಎದುರು ಸೋಲು. ಮೂರು ವರ್ಷಕ್ಕೆ 80 ಗೆಲುವು, 28 ಸೋಲು, ಎರಡು ಫೈನಲ್ ಫೋರ್. ಇಡೀ ಜನ್ಮ ಮುಖ್ಯ ಕೋಚ್ ಆಗಿದ್ದು ಒಂದೇ ಒಂದು ಫೈನಲ್ ಫೋರ್ ಕಾಣದೆ ಹೋದವರು ಎಷ್ಟೋ ಮಂದಿ. 2000ದ ಜೂನ್ 30ರಂದು ಅವರು ಸಾಕು ಅಂದರು.

ಮುಖ್ಯ ಕುರ್ಚಿ ಬೇಡವೇ ಬೇಡ ಅನ್ನುವವರೂ ಇದ್ದಾರೆ. ಕನೆಕ್ಟಿಕಟ್ ಮಹಿಳಾ ತಂಡಕ್ಕೆ 1985ರಲ್ಲಿ ಮುಖ್ಯ ಕೋಚ್ ಜೀನೊ ಔರಿಯೆಮಾ ಜೊತೆಗೇ ಬಂದ ಕ್ರಿಸ್ ಡೇಲಿ, 2025ರಲ್ಲಿ ಹನ್ನೆರಡನೇ ರಾಷ್ಟ್ರೀಯ ಪ್ರಶಸ್ತಿ ಬಂದಾಗಲೂ ಅದೇ ಬೆಂಚಿನಲ್ಲಿದ್ದರು. ಮಹಿಳಾ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು 2018ರಲ್ಲೇ ಸೇರಿಸಿಕೊಂಡಿದೆ. ಅಂಥ ಜೋಡಿ ಅಪರೂಪ.

ಚಾಪೆಲ್ ಹಿಲ್‌ನಲ್ಲಿ ಗತ್ರಿಜ್ ಹೊರಟ ಮೇಲೆ ಎಲ್ಲರೂ ಕಾದದ್ದು ರಾಯ್ ವಿಲಿಯಮ್ಸ್‌ಗಾಗಿ. ಅವರು ಕ್ಯಾನ್ಸಸ್ ಬಿಟ್ಟು ಬರಲು ಒಪ್ಪಲಿಲ್ಲ. ನೋಟರ್ ಡೇಮ್‌ನಿಂದ ಮ್ಯಾಟ್ ಡೊಹೆರ್ಟಿ ಬಂದರು. 1982ರಲ್ಲಿ ಜೋರ್ಡನ್ ಜೊತೆ ಆಡಿದ್ದವರು, ಮನೆಯ ಹುಡುಗನೇ. ಬರುವಾಗ ತಮ್ಮ ಸಹಾಯಕರನ್ನು ಜೊತೆಗೆ ಕರೆತಂದರು. ಹಾಗಾಗಿ ಗತ್ರಿಜ್ ಜೊತೆಗಿದ್ದ ಫಿಲ್ ಫೋರ್ಡ್, ಡೇವ್ ಹ್ಯಾನರ್ಸ್, ಪ್ಯಾಟ್ ಸಲಿವನ್ ಕೆಲಸ ಕಳೆದುಕೊಂಡರು. ಫೋರ್ಡ್ ಅಂದರೆ ಈ ವಿಶ್ವವಿದ್ಯಾಲಯದ ಇತಿಹಾಸದ ಅತಿ ದೊಡ್ಡ ಆಟಗಾರರಲ್ಲಿ ಒಬ್ಬರು, ಹನ್ನೆರಡು ವರ್ಷ ಸಹಾಯಕರಾಗಿದ್ದವರು. ಇದರಿಂದ ಎದ್ದ ಮುನಿಸು ಊರಿನಲ್ಲಿ ಬಹಳ ಕಾಲ ಆರಲಿಲ್ಲ. ಡೊಹೆರ್ಟಿ ಉಳಿದದ್ದು ಮೂರೇ ವರ್ಷ. 2003ರಲ್ಲಿ ಕೊನೆಗೂ ವಿಲಿಯಮ್ಸ್ ಬಂದರು. ಒಂದು ಕಾಲಕ್ಕೆ ಕ್ಯಾಲೆಂಡರ್ ಮಾರಿದವರು, ಸಹಾಯಕನ ಪಾಡು ಚೆನ್ನಾಗಿ ಬಲ್ಲವರು. ಅವರೂ ಕ್ಯಾನ್ಸಸ್‌ನಿಂದ ತಮ್ಮವರನ್ನೇ ತಂದರು; ಡೊಹೆರ್ಟಿ ಸಹಾಯಕರು ಬೇರೆ ಊರು ಹುಡುಕಿಕೊಂಡರು.